ಹೊಲಿಗೆಯಲ್ಲ

ಫಿಲಡೆಲ್ಫಿಯಾದ ಹೊರವಲಯ, ನಲವತ್ತೇಳರ ಚಳಿ.
ಮದುವೆಯ ಗೌನು ಹೊಲಿಯುತ್ತಿದ್ದ ಲಿಯೊಕಾಡಿಯಾ
ಈಗ ಹೆಲಿಕಾಪ್ಟರಿಗೆ ಅಂಗಿ ಹೊಲಿಯುತ್ತಾಳೆ.

ಉಕ್ಕಿನ ಕೊಳವೆಗಳ ಎಲುಬುಗೂಡು;
ಎರಡು ರೋಟರು ಒಂದಕ್ಕೊಂದು ಬಡಿಯದಿರಲೆಂದು
ಬಾಲ ಎತ್ತಿ, ನಡು ಬಾಗಿಸಿ ನಿಲ್ಲಿಸಿದ್ದಾರೆ.
ಹುಡುಗರು ನಗುತ್ತಾರೆ: ಬಾಳೆಹಣ್ಣು!
ಅವಳು ನಗುವುದಿಲ್ಲ. ಬಾಗಿದ ನಡುವಿಗೆ
ಬಟ್ಟೆ ಕೂರಿಸುವ ಕಷ್ಟ ಅವಳಿಗೇ ಗೊತ್ತು.

ವಾರ್ನಿಷಿನ ವಾಸನೆ ಮನೆವರೆಗೂ ಬರುತ್ತದೆ,
ಬೀಟ್ರೂಟ್ ಸೂಪಿನೊಳಗೂ.

ಒಮ್ಮೆ ಗಾಳಿಯಲ್ಲಿ ಬಟ್ಟೆ ಕಿತ್ತು
ಎಂಟು ಸೈನಿಕರ ಸಮೇತ
ಪಟಪಟ ಬಡಿದುಕೊಳ್ಳುತ್ತ ಇಳಿಯಿತು.
ಪೈಲಟ್ ಚೂರೊಂದನ್ನು ತಂದು ಮೇಜಿನ ಮೇಲಿಟ್ಟ.
ಅವಳು ಅಂಚು ತಿರುವಿ ನೋಡಿದಳು:
"ನೇಯ್ಗೆ ಹರಿದಿದೆ. ಹೊಲಿಗೆಯಲ್ಲ."

ಆಮೇಲೆ ತಗಡು ಬಂತು, ರಿವೆಟ್ಟು ಬಂತು.
ಕೊನೆಯ ದಿನ ಸೂಜಿಯನ್ನು ಕಾಲರಿಗೆ
ಚುಚ್ಚಿಕೊಂಡೇ ಮನೆಗೆ ಹೋದಳು.