ಐದನೆಯ ಹಲ್ಲು

ಈದ್ ದಿನ ತೆಗೆದ ಫೋಟೋ.
ದಾದಾಜಾನ್ ಶಾವಿಗೆ ಬಟ್ಟಲು ಹಿಡಿದು ನಗುತ್ತಿದ್ದಾರೆ,
ಕುರ್ತಾದ ಮೇಲಿನ ಗುಂಡಿ ಬಿಚ್ಚಿದೆ,
ಎದೆಯ ಬಿಳಿಗೂದಲ ಮೇಲೆ ಕರಿದಾರ,
ದಾರದ ತುದಿಗೆ ಹಿತ್ತಾಳೆ ಕೀಲಿಕೈ.
ನಾನು ನಗುವನ್ನು ಬಿಟ್ಟು
ಕೀಲಿಯನ್ನಷ್ಟೇ ಹಿಗ್ಗಿಸಿದೆ.

ಅಲಿಗಢದ ಊಪರ್‌ಕೋಟ್ ಗಲ್ಲಿಯಲ್ಲಿ
ಐವತ್ತೆರಡು ವರ್ಷ ಅರ ಉಜ್ಜಿದ ಕೈ.
ಉಗುರುಸಂದಿಯ ಹಿತ್ತಾಳೆ ಪುಡಿ
ರೊಟ್ಟಿಗೂ ಹತ್ತುತ್ತದೆಂದು ದಾದಿಯ ದಿನದ ಜಗಳ.
ಬೀಗದೊಳಗಿನ ಆರು ಪಟ್ಟಿಗಳನ್ನು
ಅಣ್ಣತಮ್ಮಂದಿರು ಎನ್ನುತ್ತಿದ್ದರು:
"ಆರೂ ಮಂದಿ ಒಂದೇ ಸಲ ತಲೆಯಾಡಿಸಬೇಕು,
ಆಗಷ್ಟೇ ಬಾಗಿಲು.
ಅದರಲ್ಲೂ ಐದನೆಯವ ತಕರಾರಿನವ."
ನನ್ನ ಕಿವಿಗಿಟ್ಟು ಕೇಳಿಸುತ್ತಿದ್ದರು,
ಟಿಕ್, ಟಿಕ್, ಟಿಕ್, ಟಿಕ್,
ಆಮೇಲೊಂದು ಗೊಣಗು.

ಪಾಲಿಟೆಕ್ನಿಕ್ಕಿನ ಯಂತ್ರಕ್ಕೆ ಗೊಣಗು ಗೊತ್ತಿಲ್ಲ.
ಹಲ್ಲುಗಳ ಎತ್ತರ ಕೊಟ್ಟೆ. ನಲವತ್ತು ನಿಮಿಷ,
ಎಳೆಯ ಮೇಲೆ ಎಳೆ ಸುರಿದು ಕೂಡಿಸಿತು.
ಉಳಿದಿದ್ದ ಬಣ್ಣ ಹಸಿರು, ಅದಕ್ಕೇ ಹಸಿರು.
ಮುರಿದ ಬಾಚಣಿಗೆಯ ತುಂಡಿನಷ್ಟು ಹಗುರ.

ಮಧ್ಯಾಹ್ನ ಕರೆಂಟು ಹೋಗಿತ್ತು,
ಓಣಿಯ ಪಾಲಿಶ್ ಚಕ್ರಗಳೆಲ್ಲ ಒಮ್ಮೆಲೇ ಮೌನ.
ಟ್ರಂಕಿನ ಮುಂದೆ ಕೂತು ತಿರುಗಿಸಿದೆ.
ಐದನೆಯವ ಸ್ವಲ್ಪ ಅಡ್ಡ ಬಂದ.
ಆಮೇಲೆ ಅವನೂ ಒಪ್ಪಿದ.
ಮುಚ್ಚಳ ಎತ್ತಲಿಲ್ಲ,
ಅಷ್ಟು ಮರ್ಯಾದೆ ಇತ್ತೋ,
ಅಷ್ಟೇ ಧೈರ್ಯ ಇತ್ತೋ.
ತಿರುಗಿದರೆ ಬಾಗಿಲಲ್ಲಿ ದಾದಾಜಾನ್.
ಕೇಳಿಸಿಕೊಂಡಿದ್ದರು.

ಬೈಯಲಿಲ್ಲ. ಫೋಟೋ ತೋರಿಸು ಎಂದರು.
ಕನ್ನಡಕ ಏರಿಸಿ, ನಡುಗುವ ಬೆರಳಲ್ಲಿ
ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಹಿಗ್ಗಿಸಿ,
"ಕೂಸುಗಳಿಗೆ ಕಾಡಿಗೆ ಬೊಟ್ಟಿಟ್ಟೆವು,
ಅಂಗಡಿಗೆ ನಿಂಬೆ ಮೆಣಸು ಕಟ್ಟಿದೆವು.
ಕೀಲಿಗೂ ದೃಷ್ಟಿ ತಾಗುತ್ತದೆಂದು
ನಮ್ಮ ಉಸ್ತಾದರು ಹೇಳಲೇ ಇಲ್ಲವಲ್ಲ, ಶಗುಫ್ತಾ."

ಹೊರಗೆ ಸ್ಟೇಷನ್ನಿಗೆ ಹೊರಟ ತಳ್ಳುಗಾಡಿ,
ಹೊಸ ಬೀಗಗಳ ರಾಶಿ,
ಒಂದೊಂದರ ಕೊರಳಿಗೂ ಎರಡೆರಡು ಕೀಲಿ
ಬಟಾಬಯಲಲ್ಲಿ ತೂಗಾಡುತ್ತ.
ಅದು ಮೂಲೆ ತಿರುಗುವವರೆಗೂ ನೋಡಿದರು.

ಆಮೇಲೆ ಹಸಿರು ಕೀಲಿಯನ್ನು ಬೆಳಕಿಗೆ ಹಿಡಿದು
ಒಂದು ಕಣ್ಣು ಮುಚ್ಚಿದರು.
"ಐದನೆಯ ಹಲ್ಲು ಕೂದಲೆಳೆಯಷ್ಟು ಹೆಚ್ಚಾಯಿತು."
ಸಣ್ಣ ಅರ ಕೇಳಿದರು.
ಬೇಡ ಎನ್ನಬೇಕೆನಿಸಿತು. ಕೊಟ್ಟೆ.
ಮೂರು ಸಲ ಉಜ್ಜಿ, ಊದಿ,
ಉಗುರಿಗೆ ಹತ್ತಿದ ಹಸಿರು ಪುಡಿಯನ್ನು
ಯಾರದೋ ಉಗುರೆಂಬಂತೆ ನೋಡುತ್ತ
ಕೀಲಿಯನ್ನು ನನ್ನ ಅಂಗೈಗಿಟ್ಟರು.

"ಈಗ ಹಾಕಿ ತೆಗೆ."