ಮೂರೇ ಕಾಲು

ಕ್ಯಾಂಪಿನ ಈ ಬಂದೂಕಿನಂಗಡಿಯಲ್ಲಿ ಹತ್ತೊಂಬತ್ತು ವರ್ಷ.
ಲೆಕ್ಕ ಬರೆಯಲೆಂದು ಸೇರಿದವಳು,
ಈಗ ಗಾಜಿನ ಕಪಾಟಿನ ಕೀಲಿಯೂ ನನ್ನ ಸೊಂಟದಲ್ಲೇ.
ಮಂಗಳವಾರ ಮಧ್ಯಾಹ್ನ, ಶಟರ್ ಅರ್ಧ ಎಳೆದು
ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದ್ದೆ.
ಕೆಳಗಿನಿಂದ ಮೊದಲು ಒಂದು ಕೋಲು ಬಂತು,
ಆಮೇಲೆ ಪಾಲಿಶ್ ಹಾಕಿದ ಕಂದು ಬೂಟು,
ಆಮೇಲೆ ಬಾಗಿ ಬಾಗಿ ಜಾಲ್ ಸುಖಿಯಾ, ಎಂಬತ್ತನಾಲ್ಕು.

"ಪಾಯಿಂಟ್ ಟೂಟೂ ರೈಫಲ್ಲಿಗೆ ದುರ್ಬೀನು ಬೇಕು.
ಮೊಲಕ್ಕೆ."
ಬೇಟೆ ನಿಂತು ಐವತ್ತು ವರ್ಷ ದಾಟಿತಲ್ಲ, ಬಾಬಾ.
"ಗೊತ್ತು. ನಿಂತಿಲ್ಲ ಅಂದುಕೊಂಡು ತೋರಿಸು."

ತೋರಿಸಿದೆ.
ಹನ್ನೆರಡು ಪಟ್ಟಿನದು, ಗಂಡಸರು ಮೊದಲು ಕೈ ಹಾಕುವುದೇ ಇದಕ್ಕೆ,
ಚೊಂಬಿನಂಥ ಮೂತಿ.
ಅವರು ಮುಟ್ಟಲಿಲ್ಲ.
ಮೂರರಿಂದ ಒಂಬತ್ತಕ್ಕೆ ತಿರುಗುವುದು:
"ತಿರುಗಿಸುವಷ್ಟರಲ್ಲಿ ಮೊಲ ಜೇಜುರಿ ಮುಟ್ಟಿರುತ್ತದೆ."
ಕೊನೆಗೆ ತಳದ ಖಾನೆಯಿಂದ, ದೂಳು ಒರೆಸಿ,
ನಾಲ್ಕು ಪಟ್ಟಿನದು. ಬೋಳು ಕೊಳವೆ, ತಿರುಗಿಸಲು ಏನೂ ಇಲ್ಲ,
ಐವತ್ತು ಗಜಕ್ಕೆಂದೇ ಕೂಡಿಸಿದ ಗಾಜು,
ಮುಂಜಾವದ ಮಬ್ಬಿನಲ್ಲೂ ಕಾಣುವ ದಪ್ಪ ಗೆರೆ.

ಅಂಗಡಿಯ ನಿಯಮ ಒಂದೇ:
ಅಡ್ಡಗೆರೆ ಉದ್ದಗೆರೆ ಕೂಡುವಲ್ಲಿ
ಮನುಷ್ಯರನ್ನು ಇಡಕೂಡದು.
ಎದುರಿನ ನೀರಿನ ಟಾಕಿ ನೋಡಿ, ಪಾರಿವಾಳ ನೋಡಿ.
ಅವರು ಪಾರಿವಾಳ ನೋಡಿದರು,
ಗಾಜಿಗೆ ಕಣ್ಣೊತ್ತದೆ, ನಾಲ್ಕು ಬೆರಳು ಹಿಂದೆ ನಿಂತು.
ಬಲ್ಲವರು.
ತಲೆಯನ್ನು ತುಸು ಎಡಕ್ಕೆ ಸರಿಸಿದರು, ತುಸು ಬಲಕ್ಕೆ.
ಗೆರೆ ಹಕ್ಕಿಯನ್ನು ಬಿಟ್ಟು ಜರುಗಲಿಲ್ಲ.
"ಇದು," ಎಂದರು. "ಇದು ಇರಬೇಕಿತ್ತು."

ಅರವತ್ತೊಂಬತ್ತು. ಸಾಸವಡದ ಆಚೆ, ಹುರುಳಿ ಕಿತ್ತ ಹೊಲ.
ಮುಂಬೈಯಿಂದ ತರಿಸಿದ ಜರ್ಮನ್ ದುರ್ಬೀನು, ಹತ್ತು ಪಟ್ಟು,
ನೂರೈವತ್ತು ಗಜದಾಚೆಯ ಜಿಂಕೆಗೆಂದು ಮಾಡಿದ್ದು.
ಮೊಲ ಕೂತದ್ದು ಮೂವತ್ತು ಹೆಜ್ಜೆಯಲ್ಲಿ.
"ಎಷ್ಟು ಹತ್ತಿರ ತಂದೆನೆಂದರೆ ಮೊಲವೇ ಇಲ್ಲ!
ಬರೀ ಕೂದಲು, ಹೊಗೆಯ ಹಾಗೆ.
ಅದರ ಮೇಲೆ ನನ್ನದೇ ಎದೆಬಡಿತಕ್ಕೆ ಕುಣಿಯುವ ಗೆರೆ.
ಕುದುರೆ ಒತ್ತಿಬಿಟ್ಟೆ."
ಗಾಜಿನ ಮೇಲೆ ಮೂರು ಬೆರಳು ಊರಿ, ಒಂದನ್ನು ಮಡಚಿ,
ಹೇಗೆ ಓಡಿತೆಂದು ತೋರಿಸಿದರು,
ರಸೀದಿ ಪುಸ್ತಕದ ತನಕ.
ಕತ್ತಲಾಗುವವರೆಗೆ ಹುಡುಕಿದರಂತೆ.

ನಗು ಬರಬಾರದಿತ್ತು. ಬಂತು.
ನಮ್ಮ ಕಡೆ ಒಂದು ಮಾತಿದೆ ಬಾಬಾ,
ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ.
ಮರಾಠಿಗೆ ತಿರುಗಿಸಲು ಹೋದೆ,
ಹಠವೆಲ್ಲ ದಾರಿಯಲ್ಲಿ ಉದುರಿ
ಮೊಲವೊಂದೇ ಬಂದು ಮುಟ್ಟಿತು.
"ನಾನು ಹಿಡಿಯಲಿಲ್ಲವಲ್ಲ," ಎಂದರು.
"ಹಿಡಿಯದ್ದಕ್ಕೂ ಮೂರೇ."

ಸವದತ್ತಿಯಲ್ಲಿ ನಮ್ಮಪ್ಪ ಬಲೆ ಕಟ್ಟುತ್ತಿದ್ದ.
ದೂರವೆಂದರೆ ಅವನಿಗೆ ಹಗ್ಗದ ಉದ್ದ, ಅಷ್ಟೆ.
ಬಿದ್ದದ್ದನ್ನು ಬಿಡಿಸಿ ಎತ್ತುವಾಗ
ಅದರ ಎದೆ ಅವನ ಅಂಗೈಯಲ್ಲೇ ಹೊಡೆದುಕೊಳ್ಳುತ್ತಿತ್ತು.
ಅವ್ವ ನಾಲ್ಕು ಕಾಲನ್ನೂ ಎಣಿಸಿ ಬಡಿಸುತ್ತಿದ್ದಳು,
ನಾಲ್ಕು ಮಕ್ಕಳು ನಾವು.
ಇವರ ಹೆಸರು ಜಾಲ್. ನಮ್ಮಲ್ಲಿ ಅದೂ ಬಲೆಯೇ.
ಹೇಳಲಿಲ್ಲ.

ರೈಫಲ್ ತನ್ನಿ, ಕೂಡಿಸಿ ಗುರಿ ಸರಿಮಾಡಿಸಿ ಕೊಡುತ್ತೇವೆ.
"ಅದೆಲ್ಲಿದೆ? ಎಪ್ಪತ್ತೊಂದರ ಚುನಾವಣೆಗೆ ಠಾಣೆಯಲ್ಲಿಟ್ಟದ್ದು.
ಬಿಡಿಸಿಕೊಳ್ಳಲು ಹೋಗಲೇ ಇಲ್ಲ."
ನೋಟು ಎರಡು ಸಲ ಎಣಿಸಿದರು.
ಡಬ್ಬಿ ಬೇಡವೆಂದರು,
ಕೋಟಿನ ಒಳಜೇಬಿಗೆ ಇಳಿಸಿ ಮೇಲಿಂದ ತಟ್ಟಿ ನೋಡಿಕೊಂಡರು,
ಜೀವವಿರುವುದನ್ನು ಇಟ್ಟುಕೊಂಡವರ ಹಾಗೆ.

ಅವರು ರಸ್ತೆ ದಾಟುವುದನ್ನು ನೋಡಿದೆ,
ಬರಿಗಣ್ಣಲ್ಲಿ.
ಕೋಲು, ಒಂದು ಬೂಟು, ಇನ್ನೊಂದು ಬೂಟು.
ಕೋಲು.
ರಿಕ್ಷಾಗಳು ಹಾರ್ನ್ ಹೊಡೆಯುತ್ತ ನಿಂತವು.

ರೊಟ್ಟಿ ಸೆಟೆದಿತ್ತು.