ಎದೆಮಟ್ಟದ ನೀರು

ಮೊದಲು ಸೊನ್ನೆ ಹಿಡಿಯಬೇಕು.
ನಾಲ್ಕನೇ ಪಕ್ಕೆಲುಬಿನ ಸಂದು, ಕಂಕುಳಿಂದಿಳಿದ ಗೆರೆ,
ಎರಡೂ ಕೂಡುವಲ್ಲಿ ಪೆನ್ನಿನ ಒಂದು ಕತ್ತರಿ ಗುರುತು.
ಆ ಮಟ್ಟಕ್ಕೆ ತಂದು, ತಿರುಪು ತಿರುವಿ,
ನಳಿಗೆಯನ್ನು ಬಯಲಿಗೆ ತೆರೆದರೆ
ಪರದೆಯ ನೀಲಿ ಗೆರೆ ಸುಮ್ಮನೆ ಮಲಗುತ್ತದೆ.
ಬೀದರಿನ ಅಷ್ಟೂ ಗಾಳಿಯ ಭಾರ ಸೊನ್ನೆ.
ಇನ್ನು ಅಳೆಯಬಹುದು.

ಏಳನೇ ಹಾಸಿಗೆ. ಕಾಸಿಂಬಿ, ಐವತ್ತೆಂಟು.
ಬಸ್‌ಸ್ಟ್ಯಾಂಡಿನ ಹಿಂದೆ ರೊಟ್ಟಿ ಬಡಿಯುವಾಕಿ.
ಮೂವತ್ತು ವರ್ಷ ಹಂಚಿನ ಮುಂದೆ ನಿಂತು ನಿಂತು
ಮೀನಖಂಡದ ನರ ಗಂಟುಗಂಟಾಗಿ ಉಬ್ಬಿವೆ,
ಮೇಲೇರಲು ಬೇಸತ್ತ ರಕ್ತ ಅಲ್ಲೇ ಮನೆಮಾಡಿದೆ.
ಅವಳ ಕೈಯ ರೊಟ್ಟಿ, ಪುಂಡಿಪಲ್ಯ ನಾನೂ ಉಂಡವನೇ.
ಗುರುತು ಹೇಳಲಾರಳು. ಬಾಯಲ್ಲಿ ಕೊಳವೆ.

ಪಿತ್ತಕೋಶದ ಕೀವು ರಕ್ತಕ್ಕಿಳಿದು ಮೂರು ದಿನ.
ನಿನ್ನೆ ಸಂಜೆ ನಾಲ್ಕು ಸೆಂಟಿಮೀಟರ್ ನೀರು,
ಅಷ್ಟೇ ಇತ್ತು ಎದೆಯ ಬಾಗಿಲಲ್ಲಿ.
ಬಾಟಲಿ ಹರಿಸಿದೆವು. ಎಂಟು.
ಇನ್ನೊಂದು. ಹನ್ನೊಂದು.
ನಡುರಾತ್ರಿ ಹದಿನಾರು.
ನಾಡಿ ಮಾತ್ರ ಹರಿದ ನೂಲು,
ಮೂತ್ರದ ಚೀಲ ಒಣಗಿದ ಹಾಗೇ ಒಣಗಿದೆ.
ಹೊಸ ಡಾಕ್ಟರ ಹುಡುಗ ಮತ್ತೊಂದು ಬಾಟಲಿಗೆ ಕೈ ಚಾಚಿದ.

ನಾನು ನೌಬಾದಿನವ.
ಸುರಂಗಬಾವಿಯ ಬಾಯಿಗೆ ಹೊಟ್ಟೆ ಹಚ್ಚಿ ಮಲಗಿ
ಹರಳು ಬಿಟ್ಟು ಎಣಿಸಿದವ:
ಒಂದು, ಎರಡು, ಮೂರು... ಡುಬಕ್.
ಕೆಂಪುಕಲ್ಲು ಕೊರೆದ ಕತ್ತಲೆಯಲ್ಲಿ
ನೀರು ನಡೆಯುತ್ತಿತ್ತು, ಯಾರೂ ತಳ್ಳದೆ.
ಹೂಳು ತೆಗೆಯಲು ಇಳಿದಿದ್ದ ದೊಡ್ಡಪ್ಪ ಪ್ರಭುದಾಸ
ಮಂಡಿಯ ಕೆಸರು ಕೆರೆಯುತ್ತ ಹೇಳಿದ್ದ:
'ನೀರಿಗಿ ಜೋರ್ ಮಾಡಬ್ಯಾಡೋ ಜೈರಾಜ,
ಮುಂದ ಒಂದೀಟು ತಗ್ಗ ಮಾಡಿ ಕೊಡು,
ತಾನೇ ಬರ್ತದ.'

ಹೃದಯವೂ ಹಾಗೇ ಏನೋ.
ಜಗತ್ತೆಲ್ಲ ಅದನ್ನು ಪಂಪು ಅನ್ನುತ್ತದೆ, ಅನ್ನಲಿ;
ಬಂದಷ್ಟನ್ನೇ ಕೊಡಬಲ್ಲದು ಅದು,
ಬರಬೇಕೆಂದರೆ ಬಲಗೋಣೆಯನ್ನು ತಗ್ಗಾಗಿ ಇಟ್ಟಿರಬೇಕು.
ಆ ಗೋಣೆ ತುಂಬಿತೋ,
ಮನೆಗೆ ಮರಳಿದ ರಕ್ತ ಹೊಸ್ತಿಲಲ್ಲೇ ನಿಲ್ಲುತ್ತದೆ,
ಹಿಂದೆ ಯಕೃತ್ತು ಊದುತ್ತದೆ,
ಮೂತ್ರಪಿಂಡ ನೀರಲ್ಲಿ ಮುಳುಗಿಯೇ ನೀರಡಿಸುತ್ತದೆ.

ಎರಡಕ್ಕೆ ಡಾಕ್ಟರ್ ತಸ್ನೀಮ್ ಬಂದರು,
ಚಪ್ಪಲಿ ಅದಲುಬದಲಾಗಿತ್ತು.
ಒಂದೇ ಮಾತು: 'ಕಾಲೆತ್ತು.'
ಎರಡೂ ಹಿಮ್ಮಡಿ ನನ್ನ ಅಂಗೈಯಲ್ಲಿ,
ಬಿರುಕಿನೊಳಗೆ ಬಿಳುಪು, ಹಿಟ್ಟೋ ಸುಣ್ಣವೋ.
ಒಂದು ನಿಮಿಷ ಹಾಗೇ ಹಿಡಿದಿದ್ದೆ,
ಕಾಲಲ್ಲಿ ತಂಗಿದ್ದ ರಕ್ತ ಎದೆಗೆ ಇಳಿಯಲೆಂದು.
ಮೇಲಿನ ಕೆಂಪು ಅಂಕಿ ಕದಲಲಿಲ್ಲ.
ಕೆಳಗಿನ ನೀಲಿಯದು ಮಾತ್ರ ಹತ್ತೊಂಬತ್ತಾಯಿತು.
'ಸಾಕು, ಇಳಿಸು. ಬಾವಿ ತುಂಬೇದ.
ಹಾಕೋದು ಮುಗೀತು, ಇನ್ನ ತೆಗಿಯೋದು.'

ಬಾಟಲಿ ನಿಂತಿತು. ಸಣ್ಣ ಸಿರಿಂಜು ಎರಡು ಹತ್ತಿದವು,
ನಾಳ ಬಿಗಿಯಲು ಒಂದು, ಗುಂಡಿಗೆಯ ಬೆನ್ನು ತಟ್ಟಲು ಒಂದು,
ಆಮೇಲೆ ನೀರಿಳಿಸುವ ಮದ್ದು.
ಗಾಜಿನಾಚೆಯಿಂದ ಮಗಳು ರುಬೀನಾ ಓಡಿ ಬಂದಳು:
'ಸಲಾಯಿನ್ ಯಾಕ ಬಂದ್ ಮಾಡೀರಿ?
ರೊಕ್ಕ ಅವ ರೀ ನಮ್ಮ ಹತ್ರ.'
ಏನು ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ:
'ಹಿಟ್ಟಿಗಿ ನೀರ್ ಹೆಚ್ಚಾದ್ರ ಏನಾಗ್ತದವ್ವಾ?'
'ರೊಟ್ಟಿ ಏಳಂಗಿಲ್ಲ' ಅಂದಳು,
ನನ್ನನ್ನು ನಂಬದೆ,
ಬೆಂಚಿಗೆ ಮರಳಿ ರೊಕ್ಕದ ಚೀಲ ಮಡಿಲಲ್ಲಿಟ್ಟು ಕೂತಳು.

ಐದೂ ನಲವತ್ತು. ಚೀಲದ ತಳದಲ್ಲಿ
ಕಟ್ಟುಚಹಾದ ಬಣ್ಣದ್ದು, ಇಪ್ಪತ್ತೈದು ಎಂಎಲ್.
ನೀಲಿ ಅಂಕಿ ಹದಿನಾಲ್ಕು.
ಬರೆದೆ. ಮೈ ಒರೆಸಿದಾಗ ಅಳಿಸಿದ್ದ
ಕತ್ತರಿ ಗುರುತನ್ನು ಮತ್ತೆ ತಿದ್ದಿ
ಪಾಳಿಗೆ ಬಂದವಳಿಗೆ ಒಪ್ಪಿಸಿದೆ.

ಕೆಳಗೆ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದರೆ
ಕಾಲುಚೀಲದ ಅಂಚು ಚರ್ಮಕ್ಕೆ ಅಚ್ಚೊತ್ತಿತ್ತು.
ಬೆರಳೊತ್ತಿ ನೋಡಿದೆ. ಗುಳಿ.
ಅದು ತುಂಬುವ ತನಕ ಎಣಿಸುತ್ತ ಕೂತೆ:
ಒಂದು, ಎರಡು, ಮೂರು